ಎರಡು ಟಾಕಿಯ ಲಾರಿ

ನಮ್ಮ ಅಪ್ಪನ ಹಳೆಯ ಲಾರಿ ಓಣಿಗೆ ತಿರುಗಿದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಿವಿಗೆ. ಅವ್ವ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದ್ದರೆ ಅಪ್ಪನ ಹಳೆಯ ಧೋತರ ತಂದು ಅದರ ಮೇಲೆ ಹೊದಿಸಿ ಇಳಿದುಬರುತ್ತಿದ್ದಳು. ಅದಕ್ಕಾಗಿ ಅವಳು ಬೈದದ್ದನ್ನು ನಾನು ಕೇಳಿಲ್ಲ. ಮಳೆ ಹನಿದರೆ ಮುಚ್ಚುತ್ತೇವಲ್ಲ, ಹಾಗೆ ಮುಚ್ಚುತ್ತಿದ್ದಳು, ಅಷ್ಟೆ. ಅಪ್ಪನಿಗಂತೂ ಆ ಹೊಗೆಯ ಬಗ್ಗೆ ಒಂಥರಾ ಅಭಿಮಾನವೇ ಇತ್ತು. ತುಂಬಿದ ಗಾಡಿ ದಿಬ್ಬ ಏರುವಾಗ ಕರ್ರಗೆ ಉಗುಳಬೇಕು, ಆಗಲೇ ಎಂಜಿನ್ನು ಮೈಮುರಿದು ದುಡಿಯುತ್ತಿದೆ ಎಂದು ತಿಳಿಯಬೇಕು, ಹೊಗೆ ಬಿಡದ ಲಾರಿಗೂ ಬೆವರದ ಎತ್ತಿಗೂ ಏನು ಫರಕು ಎನ್ನುತ್ತಿದ್ದ.

ಅಪ್ಪ ಮೊದಲು ತಾನೇ ಓಡಿಸುತ್ತಿದ್ದ. ಮೊಣಕಾಲು ಹಿಡಿದುಕೊಂಡ ಮೇಲೆ ಸ್ಟೇರಿಂಗು ಕಾಕಾನ ಕೈಗೆ ಹೋಯಿತು. ಕಾಕಾ ನಮಗೆ ರಕ್ತಸಂಬಂಧಿಯಲ್ಲ. ನವಲಗುಂದದ ಮುಸಲ್ಮಾನರು. ಅವರ ಮನೆಯ ಹೆಣ್ಣುಮಕ್ಕಳು ಜಮಖಾನ ನೇಯುತ್ತಾರೆ, ಅವರೊಬ್ಬರೇ ಆ ಮನೆಯಲ್ಲಿ ಗಾಲಿಯ ಮೇಲೆ ಬದುಕಿದವರು. ಅಪ್ಪನ ಕೈಕೆಳಗೆ ಕ್ಲೀನರಾಗಿ ಸೇರಿ, ಅಲ್ಲೇ ಡ್ರೈವರಾಗಿ, ನಾನು ಲಂಗ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದ ಕಾಲದಿಂದ ನಮ್ಮ ಮನೆಯ ಚಹಾ ಕುಡಿದವರು. ಅಪ್ಪನಿಗೆ ಎಷ್ಟು ಮಾತೋ ಕಾಕಾನಿಗೆ ಅಷ್ಟು ಮೌನ.

ನಾನು ಒಬ್ಬಳೇ ಮಗಳು. ಬಿ.ಕಾಂ. ಮುಗಿಸಿ ನಮ್ಮೂರು ಅಣ್ಣಿಗೇರಿಯಲ್ಲೇ ಹೈಸ್ಕೂಲು ಮಾಸ್ತರರೊಬ್ಬರನ್ನು ಮದುವೆಯಾಗಿ ತವರುಮನೆಯಿಂದ ಎರಡು ಓಣಿ ಆಚೆ ಇದ್ದೇನೆ. ಅಪ್ಪನ ಪಡಸಾಲೆಯಲ್ಲಿ ಒಂದು ಟೇಬಲ್ಲು, ಒಂದು ಫೋನು. ಅದೇ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸು. ಲೋಡು ಹುಡುಕುವುದು, ಪರ್ಮಿಟ್ಟು, ಇನ್ಶೂರೆನ್ಸು, ಆರ್‌ಟಿಓ ಆಫೀಸಿಗೆ ಅಲೆಯುವುದು ನನ್ನ ಪಾಲಿನವು. ಹತ್ತಿ, ಕಡಲೆ, ಹೆಸರು, ಒಣಮೆಣಸಿನಕಾಯಿ, ಗೋವಿನಜೋಳ, ಸುಗ್ಗಿ ಬಂದ ಹಾಗೆ ಲೋಡು ಬರುತ್ತಿತ್ತು.

ಹೊಗೆಯ ಕಾನೂನು ನಮ್ಮ ಮನೆಗೆ ಒಮ್ಮೆಲೇ ನುಗ್ಗಿ ಬರಲಿಲ್ಲ. ಮೊದಲು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಇತ್ತು. ಅಪ್ಪನಿಗೆ ಅದರ ಉಪಾಯ ಗೊತ್ತಿತ್ತು. ಪರೀಕ್ಷೆಗೆ ಹೋಗುವ ಮುಂಚೆ ಪಂಪಿನ ಸ್ಕ್ರೂ ಬಿಗಿದು ಡೀಸೆಲ್ಲು ಕಡಿಮೆ ಹರಿಯುವಂತೆ ಮಾಡುತ್ತಿದ್ದ, ಏರ್ ಫಿಲ್ಟರನ್ನು ಝಾಡಿಸುತ್ತಿದ್ದ. ಗಾಡಿ ಉಪವಾಸವಿದ್ದ ಸ್ವಾಮಿಗಳ ಹಾಗೆ ಮೆತ್ತಗೆ ಉಸಿರಾಡಿ ಪಾಸಾಗುತ್ತಿತ್ತು. ಸರ್ಟಿಫಿಕೇಟು ಕೈಗೆ ಬಂದದ್ದೇ ತಡ, ರಸ್ತೆಯ ಬಾಜುವಿಗೇ ನಿಲ್ಲಿಸಿ ಸ್ಕ್ರೂ ಮತ್ತೆ ಬಿಡುತ್ತಿದ್ದ. ಇದನ್ನು ಅವನು ಮುಚ್ಚಿಟ್ಟವನೇ ಅಲ್ಲ. ಮನೆಗೆ ಬಂದ ಬೀಗರೆದುರೂ ಹೇಳಿ ನಗಿಸುತ್ತಿದ್ದ.

ಆದರೆ ಒಂದು ವರ್ಷ ಫಿಟ್‌ನೆಸ್ಸಿಗೆ ಹೋದಾಗ ಉಪಾಯ ನಡೆಯಲಿಲ್ಲ. ಎಂಜಿನ್ನಿಗೇ ವಯಸ್ಸಾಗಿತ್ತು. ಅದೇ ಸುಮಾರಿಗೆ ನಾವು ಗೋವಿನಜೋಳ ಒಯ್ಯುತ್ತಿದ್ದ ಕರಾವಳಿಯ ಕೋಳಿ ಆಹಾರದ ಕಾರ್ಖಾನೆಯವರು, ಇನ್ನು ಮುಂದೆ ಹೊಸ ಹೊಗೆ ನಿಯಮದ ಬಿಎಸ್ ಸಿಕ್ಸ್ ಗಾಡಿಯಾದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಗೇಟಿನಲ್ಲಿ ಹೇಳಿ ಕಳಿಸಿದರು. ಕಾಕಾ ಬಂದು ಅದನ್ನು ಅಪ್ಪನಿಗೆ ಹೇಳದೆ ಮೊದಲು ನನಗೆ ಹೇಳಿದರು. ನಾನು ಅವತ್ತೇ ನಿಶ್ಚಯ ಮಾಡಿದೆ. ಹಳೆಯದನ್ನು ಗುಜರಿಗೆ ಹಾಕಿ ಹೊಸ ಗಾಡಿ ತರುವುದು. ಅಪ್ಪ ಒಂದು ವಾರ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ದಿಲ್ಲಿಯಲ್ಲಿ ಹೊಗೆಮಂಜು ಕವಿದರೆ ಅಣ್ಣಿಗೇರಿಯ ಲಾರಿಗೆ ಯಾಕೆ ಶಿಕ್ಷೆ ಎಂದು ಅವ್ವನ ಮುಂದೆ, ನನಗೆ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದ. ಕೊನೆಗೆ ತಾನೇ ಬಂದು, ಗಾಡಿ ನಿನ್ನ ಹೆಸರಿನಲ್ಲೇ ಇರಲಿ, ಅದರ ಕಾನೂನು ನೀನೇ ನೋಡಿಕೋ ಎಂದ. ಅದನ್ನು ಅವನು ಸಿಟ್ಟಿನಲ್ಲಿ ಹೇಳಿದನೋ ಪ್ರೀತಿಯಲ್ಲಿ ಹೇಳಿದನೋ, ನಾನು ಪ್ರೀತಿ ಎಂದೇ ಹಿಡಿದೆ.

ಹುಬ್ಬಳ್ಳಿಯ ಶೋರೂಮಿಗೆ ಮೂವರೂ ಹೋದೆವು. ಅಲ್ಲಿಯ ಹುಡುಗ ಗಾಡಿಯ ಸುತ್ತ ಓಡಾಡಿ ಎಲ್ಲ ತೋರಿಸಿದ. ಇದು ಡೀಸೆಲ್ ಟಾಕಿ. ಅದರ ಬಾಜೂಕೆ ನೀಲಿ ಮುಚ್ಚಳದ ಸಣ್ಣ ಟಾಕಿ, ಅದು ಯೂರಿಯಾ ನೀರಿನದು. ಆ ನೀರು ಸೈಲೆನ್ಸರಿನೊಳಗೆ ಸಿಂಪಡಿಕೆಯಾಗಿ ಹೊಗೆಯ ವಿಷವನ್ನು ಮುರಿಯುತ್ತದೆ. ಅದರ ಮುಂದೊಂದು ಜಾಳಿಗೆ, ಕರಿ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಬಿಸಿ ಮಾಡಿ ತಾನೇ ಸುಟ್ಟುಕೊಳ್ಳುತ್ತದೆ. ಕಾಕಾ ಬಗ್ಗಿ ಬಗ್ಗಿ ನೋಡಿದರು. ಅಪ್ಪ ನಿಂತಲ್ಲೇ ನಿಂತು ನೀಲಿ ಮುಚ್ಚಳವನ್ನೇ ದಿಟ್ಟಿಸುತ್ತಿದ್ದ.

"ಲಾರಿಗೂ ಸರಕಾರಿ ಗೊಬ್ಬರ ಹಾಕೂ ಕಾಲ ಬಂತು ಅನ್ನು," ಎಂದ. ಹುಡುಗ ನಕ್ಕ. ಅಪ್ಪ ನಗಲಿಲ್ಲ.

ಊರಲ್ಲಿ ಈ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಗೊಬ್ಬರ ತಿನ್ನುವ ಲಾರಿ ಎಂದು ನಮ್ಮ ಗಾಡಿಗೆ ಹೆಸರು ಬಿತ್ತು. ಮುಂಗಾರಿನಲ್ಲಿ ಯೂರಿಯಾ ಸಿಗದೆ ಸೊಸೈಟಿಯ ಮುಂದೆ ಪಾಳಿ ಹಚ್ಚಿದ ರೈತರು, ನಿಮ್ಮ ಲಾರಿಗೆ ಎಷ್ಟು ಚೀಲ ಬೇಕವ್ವಾ ಎಂದು ನನ್ನನ್ನು ತಮಾಷೆ ಮಾಡುತ್ತಿದ್ದರು. ಗಾಡಿ ಮಾತ್ರ ಚೆನ್ನಾಗಿ ಓಡಿತು. ಅದೇ ಲೋಡು, ಅದೇ ದಾರಿ, ಡೀಸೆಲ್ಲು ಕಡಿಮೆ ಕುಡಿಯಿತು. ಯೂರಿಯಾ ನೀರಿನ ಖರ್ಚು ಹಿಡಿದರೂ ಮೊದಲಿಗಿಂತ ಉಳಿತಾಯವೇ ಆಯಿತು. ಕೆಲವೊಂದನ್ನು ಮಾತ್ರ ನಾವು ಹೊಸದಾಗಿ ಕಲಿಯಬೇಕಾಯಿತು. ಹತ್ತಿ ಜಿನ್ನಿಂಗ್ ಅಂಗಳದಲ್ಲಿ ಗಾಡಿ ನಿಂತಾಗ ಒಮ್ಮೆ ಮಸಿ ಸುಡುವ ದೀಪ ಹತ್ತಿತು. ಸುತ್ತ ಬಿಡಿ ಹತ್ತಿಯ ಗುಡ್ಡೆ. ಆ ಹೊತ್ತಿಗೆ ಸೈಲೆನ್ಸರು ಒಲೆಯ ಹಾಗೆ ಕಾಯುತ್ತದೆ. ಕಾಕಾ ಗಾಬರಿಯಾಗದೆ ಅದನ್ನು ತಡೆಯುವ ಬಟನ್ನು ಒತ್ತಿ, ಗಾಡಿಯನ್ನು ಮೆಲ್ಲಗೆ ಊರಾಚೆಯ ಬಯಲಿಗೆ ಒಯ್ದು, ಕಣಿಕೆ ಕಸ ಇಲ್ಲದ ಕರಿ ನೆಲ ನೋಡಿ ನಿಲ್ಲಿಸಿ, ಅಲ್ಲಿ ಸುಡಲು ಬಿಟ್ಟು ದೂರ ಕೂತರಂತೆ. ಬಂದು ಹೇಳಿದ್ದು ಇಷ್ಟೇ: ಹತ್ತಿ ತುಂಬುವ ಮುಂಚೆ ದೀಪ ನೋಡಿಕೊಳ್ಳಬೇಕು. ಆವತ್ತಿನಿಂದ ಅದು ನಮ್ಮ ಪದ್ಧತಿಯಾಯಿತು.

ಎಲ್ಲ ಸುಸೂತ್ರ ನಡೆದಿದೆ ಎನ್ನುವಾಗಲೇ ಗಾಡಿ ತಂಬೂರಿನ ಹತ್ತಿರ ನಿಂತುಬಿಟ್ಟಿತು.

ಅದು ಕರಾವಳಿಗೆ ಹೊರಟ ಗೋವಿನಜೋಳದ ಲೋಡು. ಹುಬ್ಬಳ್ಳಿ, ಮಿಶ್ರಿಕೋಟಿ ಫಾಟಾ, ಕಲಘಟಗಿ ದಾಟಿ ಯಲ್ಲಾಪುರದ ಮೇಲೆ ಘಟ್ಟ ಇಳಿಯುವ ದಾರಿ. ಆ ದಾರಿಗೆ ಗಾಡಿ ಹೊರಟರೆ ಅಪ್ಪನೂ ಹತ್ತಿ ಕೂಡುತ್ತಿದ್ದ. ಎರೆ ಸೀಮೆಯ ಬಯಲು ಮುಗಿದು ಕಲಘಟಗಿಯ ಭತ್ತದ ಹಸಿರು, ಕಾಡಿನ ಅಂಚು ಶುರುವಾಗುವುದು ಅವನಿಗೆ ಇಷ್ಟ. ಬೆಳಗಿನ ಊಟದ ಹೊತ್ತಿಗೆ ಕಾಕಾನ ಫೋನು ಬಂತು.

"ತಂಗೀ, ಗಾಡಿ ಜಗ್ಗವಲ್ದು. ಆಕ್ಸಿಲೇಟರ್ ಪೂರಾ ಒತ್ತಿದರೂ ಎತ್ತಿನ ಬಂಡಿ ನಮ್ಮನ್ನ ದಾಟಿ ಹೋಗಾಕತ್ತೇತಿ. ಮುಂದ ಎಲ್ಲಾ ದೀಪ ಹತ್ಯಾವು."

ನಾನು ಹುಬ್ಬಳ್ಳಿಗೆ ಬಸ್ಸು ಹಿಡಿದೆ. ಅಲ್ಲಿಂದ ಯಲ್ಲಾಪುರದ ಬಸ್ಸು. ದಾರಿಯುದ್ದಕ್ಕೂ ಹೊಸ ಗಾಡಿಗೆ ಏನಾಗಿರಬಹುದು ಎಂದು ಯೋಚಿಸುತ್ತಿದ್ದೆ. ಡೀಸೆಲ್ಲು ಕೆಟ್ಟದ್ದಿರಬಹುದು, ಪೈಪು ಹರಿದಿರಬಹುದು. ತಂಬೂರಿನಲ್ಲಿ ಇಳಿದಾಗ ಗಾಡಿ ರಸ್ತೆಯ ಬಾಜುವಿನ ಹುಣಸೆಮರದ ಕೆಳಗಿತ್ತು. ಕಾಕಾ ಮುಂದಿನ ಗಾಲಿಗೆ ಕಲ್ಲು ಕೊಟ್ಟು ನಿಂತಿದ್ದರು. ಅಪ್ಪ ಸ್ವಲ್ಪ ದೂರದಲ್ಲಿ ಒಂದು ಒಡ್ಡಿನ ಮೇಲೆ ಕೂತು ಭತ್ತದ ಗದ್ದೆ ನೋಡುತ್ತಿದ್ದ. ನಾನು ಬಂದದ್ದು ಕಂಡರೂ ಏಳಲಿಲ್ಲ.

ಗಾಡಿಯ ಸುತ್ತ ಒಂದು ಸುತ್ತು ಬಂದು ನೀಲಿ ಮುಚ್ಚಳ ತಿರುಗಿಸಿದೆ. ಟಾಕಿಯ ಬಾಯಿಯ ಸುತ್ತ ಬೆಳ್ಳಗೆ ಪೊರೆ ಕಟ್ಟಿತ್ತು. ನವಲಗುಂದದ ಕಡೆ ಸವಳು ಹತ್ತಿದ ಹೊಲದಲ್ಲಿ ಬೇಸಿಗೆಗೆ ನೆಲದ ಮೇಲೆ ಉಪ್ಪು ಏಳುತ್ತದಲ್ಲ, ಥೇಟು ಹಾಗೆ. ಬೆರಳಲ್ಲಿ ಕೆರೆದು ಮೂಗಿಗೆ ಹಿಡಿದೆ. ನಾನು ಒಕ್ಕಲುತನದ ಮನೆಯಲ್ಲಿ ಬೆಳೆದವಳು, ಆ ವಾಸನೆ ನನಗೆ ಹೊಸದಲ್ಲ. ಹಿಂದಿನ ದಿನ ಅಪ್ಪ ಅವ್ವನ ಹತ್ತಿರ ಹಿತ್ತಲ ಕೋಣೆಯ ಕೀಲಿ ಕೇಳಿದ್ದು ನೆನಪಾಯಿತು. ನಮ್ಮ ಹೊಲದ ಗೊಬ್ಬರದ ಚೀಲ ಇರುವುದು ಅಲ್ಲಿಯೇ.

ಕಾಕಾನನ್ನು ಕೇಳಿದೆ. ಊರಿನಲ್ಲಿ ಯೂರಿಯಾ ನೀರು ಮಾರುವ ಅಂಗಡಿಯವನು ಮದುವೆಗೆಂದು ಅಂಗಡಿ ಮುಚ್ಚಿ ಹೋಗಿದ್ದ. ಹುಬ್ಬಳ್ಳಿಯಲ್ಲಿ ತುಂಬಿಸೋಣ ಎಂದು ಕಾಕಾ ಹೇಳಿದ್ದರು. ಅವರು ಹಿಂದಿನ ದಿನ ಮಧ್ಯಾಹ್ನದ ನಮಾಜು ಮುಗಿಸಿ ಬಂದು ನೋಡಿದರೆ ಟಾಕಿ ತುಂಬಿತ್ತು. ಎಲ್ಲಿಂದ ತಂದಿರಿ ಎಂದದ್ದಕ್ಕೆ ಅಪ್ಪ, ವ್ಯವಸ್ಥಾ ಆಗೇತಿ ಎಂದಷ್ಟೇ ಹೇಳಿದ್ದ. ಕಾಕಾ ಇದನ್ನು ಹೇಳುವಾಗ ಒಡ್ಡಿನ ಕಡೆ ನೋಡಲೇ ಇಲ್ಲ. ನಾನೂ ಅಪ್ಪನನ್ನು ಏನೂ ಕೇಳಲಿಲ್ಲ. ಅಷ್ಟು ವರ್ಷ ಗಾಡಿ ನಡೆಸಿದವನು ರಸ್ತೆಯ ಮೇಲೆ, ಹೋಗಿ ಬರುವವರ ಮುಂದೆ, ಮಗಳ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಬೇಡವಾಗಿತ್ತು.

ಕಾಕಾ ಅದಾಗಲೇ ಹತ್ತಿರದ ಒಬ್ಬ ಮಿಸ್ತ್ರಿಯನ್ನು ಕರೆಸಿದ್ದರು. ಮಧ್ಯವಯಸ್ಸಿನ, ಚುರುಕು ಮನುಷ್ಯ. ದೀಪಗಳನ್ನು ನೋಡಿದ, ಟಾಕಿಯೊಳಗೆ ಇಣುಕಿದ, ಒಂದು ಕ್ಷಣದಲ್ಲಿ ಎಲ್ಲ ತಿಳಿದುಕೊಂಡ. ಇದಕ್ಕೆ ಶಾಶ್ವತ ಪರಿಹಾರ ತನ್ನ ಹತ್ತಿರ ಇದೆ ಎಂದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ಡಬ್ಬಿ. ಅದನ್ನು ವೈರಿಗೆ ಜೋಡಿಸಿಬಿಟ್ಟರೆ, ಎಲ್ಲ ಸರಿ ಇದೆ ಎಂದು ಅದು ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳುತ್ತಾ ಇರುತ್ತದೆ. ಯೂರಿಯಾ ನೀರು ಬೇಡ, ದೀಪ ಬೇಡ, ನಿಲ್ಲುವ ಮಾತೇ ಇಲ್ಲ. ಬೇಕಾದರೆ ಆ ಮಸಿ ಹಿಡಿಯುವ ಜಾಳಿಗೆಯನ್ನೂ ಕೊಯ್ದು ತೆಗೆದು ಬರೀ ಪೈಪು ಕೂಡಿಸಿಕೊಡುತ್ತೇನೆ ಎಂದ. ಈ ರಸ್ತೆಯ ಅರ್ಧ ಗಾಡಿಗೆ ತಾನೇ ಹಾಕಿದ್ದೇನೆ ಎಂದೂ ಹೇಳಿದ. ಅವನ ಮಾತಿನಲ್ಲಿ ಕಪಟ ಇರಲಿಲ್ಲ. ಕಾಲು ಮುರಿದವನಿಗೆ ಕೋಲು ಕೊಡುವವನ ಹಾಗೆ ಹೇಳಿದ.

ಈಗ ಅಪ್ಪ ಎದ್ದು ಬಂದ. ಅವನಿಗೆ ಅದು ಒಂದು ದಾರಿಯಾಗಿ ಕಂಡಿತ್ತು. ಡಬ್ಬಿ ಹಾಕಿದರೆ ಗಾಡಿ ಸಂಜೆಗೆ ಘಟ್ಟ ಇಳಿಯುತ್ತದೆ, ತಾನು ಮಾಡಿದ ಕೆಲಸವೂ ಅಲ್ಲಿಗೇ ಮುಗಿದುಹೋಗುತ್ತದೆ.

"ಹಾಕಿಸಿಬಿಡೂಣು," ಎಂದ. "ಈ ನೀರಿನ ಕಾಟ ಒಮ್ಮೆ ತಪ್ಪಲಿ."

ನನಗೆ ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿತ್ತು, ಇಂಥ ಡಬ್ಬಿ ಸಿಕ್ಕರೆ ಕೇಸಾಗುತ್ತದೆ, ಕಾರ್ಖಾನೆಯ ಗೇಟಿನಲ್ಲಿ ಸುಳ್ಳು ಹೇಳಿ ಒಳಗೆ ಹೋಗಬೇಕಾಗುತ್ತದೆ. ಇವು ಕಾಗದದ ಕಾರಣಗಳು. ಅದಕ್ಕಿಂತ ಮೊದಲು ನನ್ನೊಳಗೇ ಒಂದು ಬೇಡ ಎದ್ದಿತ್ತು. ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಮಾತಾಡಿದರು. ಅಪ್ಪನ ಎದುರು ಅವರು ತಾವಾಗಿ ಮಾತು ತೆಗೆದದ್ದನ್ನು ನಾನು ಅಷ್ಟಾಗಿ ಕಂಡಿರಲಿಲ್ಲ.

"ಅಣ್ಣಾರ, ಒಂದು ಮಾತು ಹೇಳ್ತೀನಿ," ಎಂದು ಹೆಗಲ ಮೇಲಿನ ಬಿಳಿ ಟಾವೆಲ್ಲು ತೆಗೆದು ಕೈಯಲ್ಲಿ ಹಿಡಿದರು. "ಹಳೀ ಗಾಡಿಯಿಂದ ಇಳದು ಮನಿಗೆ ಹೋದರ ನನ್ನ ಮನಿಯಾಕಿ ಈ ಟಾವೆಲ್ಲ ಒಗ್ಯಾಕ ಬ್ಯಾರೆ ಬಕೀಟ ಇಡ್ತಿದ್ಲು. ನೀರು ಕರ್ರಗಾಗತಿತ್ತು. ದವಾಖಾನ್ಯಾಗ ಡಾಕ್ಟರು ನನ್ನ ಎದಿ ನೋಡಿ ದಿನಕ್ಕ ಎಷ್ಟು ಬೀಡಿ ಸೇದತೀ ಅಂತ ಕೇಳಿದ್ರು. ನಾನು ಹುಟ್ಟಿದಾಗಿಂದ ಒಂದು ಬೀಡಿ ಮುಟ್ಟಿಲ್ರಿ. ಈ ಗಾಡಿಗೆ ಬಂದ ಮ್ಯಾಲೆ ಬಕೀಟ ಒಂದಽ ಸಾಕಾಗೇತಿ."

ಅಪ್ಪ ಆ ಟಾವೆಲ್ಲನ್ನೇ ನೋಡಿದ. ಡಾಕ್ಟರ ಮಾತು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಕೂತು ಉಂಡವರು.

"ಡಬ್ಬಿ ಬ್ಯಾಡಪ್ಪಾ," ಎಂದೆ ನಾನು. "ಗಾಡಿ ಹುಬ್ಬಳ್ಳಿಗೆ ಒಯ್ದು ಸರಿ ಮಾಡಸ್ತೀನಿ. ಲೋಡು ಬ್ಯಾರೆ ಗಾಡಿಗೆ ಹಾಕ್ಸೂಣು."

ಮಿಸ್ತ್ರಿಗೆ ಬಂದ ಶ್ರಮಕ್ಕೆಂದು ದುಡ್ಡು ಕೊಟ್ಟು ಕಳಿಸಿದೆ. ಅವನು ಬೇಜಾರು ಮಾಡಿಕೊಳ್ಳದೆ, ಮನಸ್ಸು ಬದಲಾದರೆ ಫೋನು ಮಾಡಿರಿ ಎಂದು ಬೈಕು ಹತ್ತಿದ.

ಮುಂದಿನದು ಮೈಮುರಿಯುವ ಕೆಲಸ. ನಾನು ಫೋನಿನಲ್ಲಿ ಕಲಘಟಗಿಯಿಂದ ಒಂದು ಖಾಲಿ ಲಾರಿ ಗೊತ್ತುಮಾಡಿದೆ. ಗದ್ದೆಯ ಒಡೆಯ, ಅದೇ ಊರಿನ ರೈತ, ನಾವು ಕೇಳುವ ಮೊದಲೇ ತನ್ನ ಕಣವನ್ನು ಬಿಟ್ಟುಕೊಟ್ಟ, ಆಳುಗಳನ್ನೂ ಕರೆತಂದ. ಮೋಡ ಕಟ್ಟುತ್ತಿತ್ತು. ಮಳೆ ಬಂದರೆ ಜೋಳ ನೆನೆದು ಹಾಳು. ಅಪ್ಪ ಆಗ ಮೊದಲಿನ ಅಪ್ಪನಾದ. ಮೊಣಕಾಲು ಮರೆತು, ಎರಡೂ ಲಾರಿಯ ನಡುವೆ ನಿಂತು, ಯಾವ ಚೀಲ ಎಲ್ಲಿ ಬೀಳಬೇಕು, ತಾಡಪಾಲು ಯಾವ ಮಗ್ಗುಲಿಂದ ಎಳೆಯಬೇಕು ಎಂದು ಕೂಗಿ ಹೇಳುತ್ತ ಕೆಲಸ ಎತ್ತಿದ. ರೈತನ ಹೆಂಡತಿ ಎಲ್ಲರಿಗೂ ಬಿಸಿ ಅನ್ನ, ಹುರುಳಿ ಸಾರು ಮಾಡಿ ಬಡಿಸಿದಳು. ಕೊನೆಯ ಚೀಲದ ಮೇಲೆ ತಾಡಪಾಲು ಬಿಗಿದಾಗ ಹನಿ ಶುರುವಾಯಿತು. ಜೋಳ ನೆನೆಯದೆ ಘಟ್ಟ ಇಳಿಯಿತು. ಖಾಲಿಯಾದ ಗಾಡಿ ನಮ್ಮ ಮೂವರನ್ನೂ ಕೂರಿಸಿಕೊಂಡು ಹುಬ್ಬಳ್ಳಿಯ ಕಡೆ ತೆವಳುತ್ತ ಹೊರಟಿತು. ಮಿಶ್ರಿಕೋಟಿಯ ಹತ್ತಿರ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹುಡುಗಿಯರು ನಮ್ಮನ್ನು ದಾಟಿ ಹಿಂತಿರುಗಿ ನೋಡಿ ನಕ್ಕರು. ಕಾಕಾನಿಗೂ ನಗು ಬಂತು. ಅಪ್ಪ ಕಿಡಕಿಯ ಆಚೆ ಮುಖ ಮಾಡಿದ್ದ.

ಮರುದಿನ ಬೆಳಗ್ಗೆ ಸರ್ವಿಸ್ ಸೆಂಟರಿನಲ್ಲಿ ನಮ್ಮ ಗಾಡಿಯನ್ನು ನೋಡಿದವಳು ಒಬ್ಬ ಎಂಜಿನಿಯರ್ ಹುಡುಗಿ. ನೀಲಿ ಅಂಗಿಯ ತೋಳು ಮಡಚಿ, ಟಾಕಿಯ ನೀರನ್ನು ಒಂದು ಗಾಜಿನ ಗ್ಲಾಸಿಗೆ ಹಿಡಿದಳು. ಹಾಲುಹಾಲು ಬಣ್ಣ, ಮೇಲೆ ತೆಳ್ಳಗೆ ಎಣ್ಣೆಯ ಪದರ. ಬಾಜುವಿಗೆ ಇನ್ನೊಂದು ಗ್ಲಾಸಿನಲ್ಲಿ ಅಸಲಿ ಯೂರಿಯಾ ನೀರು ಹಿಡಿದಳು. ಅದು ಬಾವಿಯ ತಿಳಿನೀರಿನ ಹಾಗೆ ಸ್ವಚ್ಛ. ಇದಕ್ಕೆ ಹೊರಗಿನದೇನೋ ಹಾಕಿದ್ದೀರಿ ಎಂದು ಆಕೆ ಕಾಕಾನ ಕಡೆ ತಿರುಗಿ, ಸ್ವಲ್ಪ ಬಿರುಸಾಗಿಯೇ, ಡ್ರೈವರು ನೀವೇ ಅಲ್ಲವೇ, ಏನು ಹಾಕಿದಿರಿ ಎಂದು ಕೇಳಿದಳು.

ಕಾಕಾ ಸುಮ್ಮನೆ ನಿಂತರು. ಅವರು ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು. ಆ ತಪ್ಪನ್ನು ತಮ್ಮ ಹೆಗಲಿಗೆ ಟಾವೆಲ್ಲಿನ ಹಾಗೆ ಹಾಕಿಕೊಂಡು ಹೊರಗೆ ನಡೆದುಬಿಡುತ್ತಿದ್ದರು. ನಾನು ಮುಂದೆ ಬರಬೇಕೆನ್ನುವಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಮೊಣಕಾಲ ಮೇಲೆ ಕೈ ಊರಿ ಎದ್ದು ನಿಂತಿದ್ದ.

"ಅವರಲ್ರಿ. ನಾನಽ ಹಾಕೇನಿ. ಮನ್ಯಾಗ ಗೊಬ್ಬರದ ಚೀಲ ಇತ್ತು, ಯೂರಿಯಾ ಅಂದ್ರ ಯೂರಿಯಾ ಅಂತ ತಿಳದು ಬೋರಿನ ನೀರಾಗ ಕಲಸಿ ಹಾಕಿದೆ."

ಅಂಗಳದಲ್ಲಿದ್ದ ಹುಡುಗರು ಕೆಲಸ ನಿಲ್ಲಿಸಿ ನೋಡಿದರು. ಎಂಜಿನಿಯರ್ ಹುಡುಗಿ ನಗಬಹುದಿತ್ತು, ನಗಲಿಲ್ಲ. ಅಪ್ಪನಿಗೆ ಮತ್ತೆ ಕೂಡಲು ಹೇಳಿ ಎರಡೂ ಗ್ಲಾಸು ಅವನ ಮುಂದೆ ತಂದಿಟ್ಟಳು. ಅಪ್ಪ ಕೇಳಿದ, ಆಕೆ ಹೇಳಿದಳು. ಹೊಲದ ಯೂರಿಯಾ ಬೇಗ ಕರಗಬಾರದೆಂದು ಅದರ ಹರಳಿಗೆ ಬೇವಿನೆಣ್ಣೆ ಸವರಿರುತ್ತಾರೆ. ಅದು ಭೂಮಿಗೆ ಒಳ್ಳೆಯದು, ನೀರು ಸಿಂಪಡಿಸುವ ಈ ಸಣ್ಣ ತೂತಿನ ಸೂಜಿಗೆ ವಿಷ. ನಮ್ಮ ಬೋರಿನ ನೀರಲ್ಲಿ ಉಪ್ಪು, ಸುಣ್ಣ. ಅದೆಲ್ಲ ಸೈಲೆನ್ಸರಿನ ಬಿಸಿಗೆ ಹರಳುಗಟ್ಟಿ ಬಾಯಿ ಮುಚ್ಚಿಬಿಡುತ್ತದೆ. ಹೊಗೆ ಶುದ್ಧವಾಗುತ್ತಿಲ್ಲ ಎಂದು ಗಾಡಿಗೆ ಗೊತ್ತಾದ ಕೂಡಲೇ ತಾನೇ ತನ್ನ ಬಲ ಇಳಿಸಿಕೊಳ್ಳುತ್ತದೆ. ಇದನ್ನು ಕೇಳಿ ಅಪ್ಪ ತಡೆದು ಮತ್ತೆ ಕೇಳಿದ, ಅಂದರೆ ಗಾಡಿ ಕೆಟ್ಟಿರಲಿಲ್ಲವೇ, ತಾನಾಗಿ ನಿಂತಿತೇ ಎಂದು. ಕೆಟ್ಟಿರಲಿಲ್ಲ, ಹೊಗೆ ಬಿಟ್ಟುಕೊಂಡು ಹೋಗಲು ಒಲ್ಲೆ ಎಂದಿತು, ಅಷ್ಟೆ ಎಂದು ಆಕೆ ಹೇಳಿದಳು.

ಟಾಕಿ ಇಳಿಸಿ ತೊಳೆದು, ಪೈಪು ಬದಲಿಸಿ, ಸೂಜಿ ಹೊಸದು ಹಾಕಿ ಕೊಟ್ಟರು. ಜಾಳಿಗೆ ಉಳಿದುಕೊಂಡಿತು. ಮನೆಗೆ ಬರುವಾಗ ನಲವಡಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಅಪ್ಪ ತಾನೇ ಇಳಿದು ಹೋಗಿ ಕಾಕಾನ ಕಪ್ಪು ತಂದು ಕೈಗೆ ಕೊಟ್ಟ. ಆಮೇಲಿನ ಸೋಮವಾರ ಇಬ್ಬರೂ ಬಸ್ಸು ಹತ್ತಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದರು. ಅಪ್ಪನೇ ಹಟ ಹಿಡಿದು ಕರೆದೊಯ್ದಿದ್ದ. ಕಾಕಾನ ಎದೆಗೆ ಔಷಧ ಶುರುವಾಯಿತು. ಅದು ಪೂರ್ತಿ ಹೋಗುವ ಕೆಮ್ಮಲ್ಲ, ಹತೋಟಿಯಲ್ಲಿಡಬಹುದು ಎಂದು ಡಾಕ್ಟರು ಹೇಳಿದರಂತೆ. ಹತೋಟಿಯಲ್ಲೇ ಇದೆ.

ಅಪ್ಪನ ಸ್ವಭಾವ ಅರ್ಧಮರ್ಧದ್ದಲ್ಲ. ಒಂದು ಕಡೆ ತಿರುಗಿದರೆ ಪೂರಾ ತಿರುಗುವವನು. ನೀಲಿ ಮುಚ್ಚಳದ ಉಸ್ತುವಾರಿ ಅಂದಿನಿಂದ ಅವನದಾಯಿತು. ಅದಕ್ಕೆಂದೇ ಬೇರೆ ಲಾಳಿಕೆ, ಬೇರೆ ಅರಿವೆ ಇಟ್ಟ. ಡೀಸೆಲ್ ಮುಟ್ಟಿದ ಕೈಯಿಂದ ಆ ಲಾಳಿಕೆ ಮುಟ್ಟಿದರೆ ಯಾರಿಗಾದರೂ ಬೈಗುಳ ತಪ್ಪಿದ್ದಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ತನ್ನ ಗೊಬ್ಬರದ ಕತೆಯನ್ನು ತಾನೇ ಹೇಳುತ್ತಿದ್ದ, ಹಿಂದೆ ಸ್ಕ್ರೂ ತಿರುಗಿಸಿದ ಕತೆ ಹೇಳುತ್ತಿದ್ದಷ್ಟೇ ಖುಷಿಯಲ್ಲಿ. ಹೊಸ ಗಾಡಿ ಕೊಂಡವರು ಅವನನ್ನು ಹುಡುಕಿಕೊಂಡು ಬರತೊಡಗಿದರು.

ಎಲ್ಲರೂ ಅವನ ಮಾತು ಕೇಳಿದರು ಎಂದೇನಲ್ಲ. ನಮ್ಮೂರಿನಲ್ಲೇ ಇನ್ನೊಬ್ಬರು ತಮ್ಮ ಗಾಡಿಗೆ ಅಂಥದೇ ಡಬ್ಬಿ ಹಾಕಿಸಿದರು. ಅವರಿಗೆ ಏನೂ ಆಗಲಿಲ್ಲ. ಈಗಲೂ ನಮ್ಮ ಮನೆಯ ಮುಂದೆ ಹಾರ್ನು ಹೊಡೆದುಕೊಂಡು, ನಮಗಿಂತ ಮೊದಲು ಲೋಡು ಮುಟ್ಟಿಸಿ ಬರುತ್ತಾರೆ. ನಮ್ಮ ಗಾಡಿಯೋ, ಕಡಲೆಯ ಸುಗ್ಗಿಯ ನಡುವೆ ಒಂದು ಸೆನ್ಸರು ಕೆಟ್ಟು, ಅದು ಎಲ್ಲಿಂದಲೋ ಬರುವ ತನಕ ಅಂಗಳದಲ್ಲೇ ನಿಂತಿತ್ತು. ಆಗ ನನಗೆ ಸಿಟ್ಟು ಬಂದದ್ದು ನಿಜ. ಕಾನೂನು ಮಾಡುವವರು ಸೆನ್ಸರನ್ನೂ ತಾಲೂಕಿಗೊಂದು ಅಂಗಡಿಯಲ್ಲಿ ಇಡಬೇಕು ಎಂದು ಈಗಲೂ ಹೇಳುತ್ತೇನೆ. ಆದರೂ ಡಬ್ಬಿಯ ಯೋಚನೆ ಮತ್ತೆ ನಮ್ಮ ಪಡಸಾಲೆಗೆ ಬರಲಿಲ್ಲ.

ಅಪ್ಪನಿಗೆ ಇನ್ನೊಂದು ಹುಚ್ಚು ಹಿಡಿಯಿತು. ಗಾಡಿಯ ಮುಂದಿನ ಪರದೆಯ ಮೇಲೆ ಲೀಟರಿಗೆ ಎಷ್ಟು ದೂರ ಓಡುತ್ತಿದೆ ಎಂದು ಆಗಿಂದಾಗಲೇ ತೋರಿಸುತ್ತದೆ. ಹಳೆಯ ಗಾಡಿಯಲ್ಲಿ ಅದನ್ನು ಟಾಕಿ ತುಂಬಿಸುವಾಗ ಅಂದಾಜು ಮಾಡಬೇಕಿತ್ತು. ಈಗ ಅಪ್ಪ ಕಾಕಾನ ಬಾಜುವಿಗೆ ಕೂತು ಆ ಅಂಕಿಯ ಮೇಲೆ ಕಣ್ಣಿಟ್ಟಿರುತ್ತಿದ್ದ. ಅಂಕಿ ಇಳಿದರೆ ನಾಲಿಗೆ ಲೊಚಗುಟ್ಟುತ್ತಿದ್ದ, ಏರಿದರೆ ಶಹಬ್ಬಾಸ್ ಎನ್ನುತ್ತಿದ್ದ. ಒಂದು ದಿನ ಕಾಕಾ ನಗುತ್ತ, ಈ ಮೇಷ್ಟರಿಗೆ ಒಬ್ಬ ಹೊಸ ವಿದ್ಯಾರ್ಥಿ ಬೇಕು, ನನ್ನ ಕಾಲು ಹಳೆಯದಾಯಿತು ಎಂದರು. ಅಪ್ಪ ನನ್ನ ಕಡೆ ನೋಡಿದ.

ಕಾರು ಓಡಿಸಲು ನನಗೆ ಬರುತ್ತಿತ್ತು. ಲಾರಿಯ ಸೀಟಿನಲ್ಲಿ ಮೊದಲ ಸಲ ಕೂತಾಗ ಊರು ಎಷ್ಟು ಕೆಳಗಿದೆ ಎನಿಸಿತು. ನವಲಗುಂದದ ನೆಟ್ಟನೆಯ ರಸ್ತೆಯಲ್ಲಿ, ಎರಡೂ ಬಾಜು ಜೋಳದ ತೆನೆ ನಿಂತ ಕಾಲದಲ್ಲಿ, ಖಾಲಿ ಗಾಡಿಯ ಮೇಲೆ ಕಲಿತೆ. ಕಾಕಾ ಗೇರು, ಕ್ಲಚ್ಚು ಕಲಿಸಿದರು. ಅಪ್ಪ ಕಲಿಸಿದ್ದು ಬೇರೆ. ದೂರ ನೋಡು ಎಂದು ಕಲಿಸಿದ. ಬೆಣ್ಣೆಹಳ್ಳದ ಸೇತುವೆ ಕಂಡ ಕೂಡಲೇ ಕಾಲು ತೆಗಿ, ಗಾಡಿ ತಾನೇ ಉರುಳಿಕೊಂಡು ಅಲ್ಲಿಗೆ ಹೋಗುತ್ತದೆ. ಬ್ರೇಕು ಒತ್ತುವುದೆಂದರೆ ಸುಟ್ಟ ಡೀಸೆಲ್ಲನ್ನು ರಸ್ತೆಗೆ ಚೆಲ್ಲಿದಂತೆ. ಮುಂದೆ ಎತ್ತು ಅಡ್ಡ ಬರುತ್ತದೋ ಇಲ್ಲವೋ ಎಂದು ಎತ್ತು ಯೋಚಿಸುವ ಮೊದಲೇ ನೀನು ಯೋಚಿಸಿರಬೇಕು. ಹೆವಿ ಲೈಸೆನ್ಸಿನ ಪರೀಕ್ಷೆಗೆ ಹೋದಾಗ ಆರ್‌ಟಿಓ ಅಂಗಳದಲ್ಲಿ ಹೆಂಗಸು ನಾನೊಬ್ಬಳೇ. ಗಾಡಿ ಹಿಂದಕ್ಕೆ ತೆಗೆದು ಗೆರೆಯೊಳಗೆ ನಿಲ್ಲಿಸಿದಾಗ ಪರೀಕ್ಷಕರು, ಎಲ್ಲಿ ಕಲಿತಿರಿ ಎಂದು ಕೇಳಿದರು. ಗೇಟಿನ ಹತ್ತಿರ ಒಂದೇ ಬೆಂಚಿನ ಮೇಲೆ ಕೂತಿದ್ದ ಇಬ್ಬರನ್ನೂ ತೋರಿಸಿದೆ.

ಹೋದ ಹಿಂಗಾರಿನಲ್ಲಿ ಮೊದಲ ಸಲ ತುಂಬಿದ ಗಾಡಿಯನ್ನು ಅರಬೈಲ ಘಟ್ಟ ಇಳಿಸಿದೆ. ಕ್ಯಾಬಿನ್ನಿನಲ್ಲಿ ಮೂವರೂ ಇದ್ದೆವು. ಒಂದೊಂದು ತಿರುವಿಗೂ ಅಪ್ಪನ ಬಲಗಾಲು ತನ್ನ ಮುಂದಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ಎಂಜಿನ್ ಬ್ರೇಕಿನ ಮೇಲೆ ಗಾಡಿಯನ್ನು ಹಿಡಿದು ನಿಧಾನಕ್ಕೆ ಇಳಿದೆ. ಕಾಕಾ ಒಮ್ಮೆಯೂ ಮಾತಾಡಲಿಲ್ಲ. ಅವರ ಮೌನ ನನಗೆ ಒಳ್ಳೆಯ ಸರ್ಟಿಫಿಕೇಟು. ಕಾರ್ಖಾನೆಯ ಗೇಟಿನಲ್ಲಿ ಸೈಲೆನ್ಸರಿಗೆ ನಳಿಗೆ ಹಾಕಿ ನೋಡಿದರು, ಒಳಗೆ ಬಿಟ್ಟರು.

ಜೋಳ ಇಳಿಯುವ ತನಕ ಕಾಕಾ ಮೀನು ಊಟಕ್ಕೆ ಹೋದರು. ಅಪ್ಪ ಆ ಊರಿನಲ್ಲೆಲ್ಲ ಮೊಸರನ್ನ ಹುಡುಕಿ ಸಿಗದೆ ಎಳನೀರು ಕುಡಿದು ಬಂದ. ಮರಳಿ ಬರಲು ಹಂಚಿನ ಲೋಡು ಸಿಕ್ಕಿತು. ಹಂಚು ತುಂಬಿಸಿ ಹಗ್ಗ ಬಿಗಿದು ಹೊರಡುವ ಹೊತ್ತಿಗೆ ಕಾಕಾ ಡ್ರೈವರ್ ಬಾಗಿಲ ಹತ್ತಿರ ಬಂದರು. ಇಳಿಯುವುದು ನಾನು, ಏರುವುದು ಅವರು ಎಂದು ಮೊದಲೇ ಮಾತಾಗಿತ್ತು. ಅಪ್ಪ ಅವರನ್ನು ತಡೆದ.

"ಇರ್ರಿ, ಆಕಿನಽ ಓಡಸಲಿ," ಎಂದು, ಮೊಣಕಾಲು ಎತ್ತಿಟ್ಟು ಎಡಗಡೆಯ ಬಾಗಿಲಿಂದ ಹತ್ತಿ ಕೂತ. "ಏರು ದಾರ್ಯಾಗ ಲೀಟರಿಗೆ ಎಷ್ಟು ಕೊಡ್ತಾಳ ನೋಡೂಣು."

ಕಾಕಾ ನಡುವೆ ಕೂತರು. ನಾನು ಕೀಲಿ ತಿರುಗಿಸಿದೆ.